ಪರೇಲಿನ ಹಳೆಯ ಬಂಗಲೆಯಲ್ಲಿ ಒಂದು ಮುಂಜಾನೆ

ಮುಂಬಯಿಯಲ್ಲಿ ಐವತ್ತು ವರ್ಷ ಕಳೆದವರೂ ನೋಡದೆ ಬಿಟ್ಟ ಜಾಗಗಳು ಎಷ್ಟೋ ಇರುತ್ತವೆ. ಊರಿನಿಂದ ನೆಂಟರು ಬಂದರೆ ಗೇಟ್‌ವೇ, ರಾಣಿಬಾಗ್, ಮಹಾಲಕ್ಷ್ಮಿ, ಹ್ಯಾಂಗಿಂಗ್ ಗಾರ್ಡನ್ ತೋರಿಸಿ ಕೈತೊಳೆದುಕೊಳ್ಳುವವರು ನಾವು. ಪರೇಲಿನ ಹಾಫ್‌ಕಿನ್ ಸಂಸ್ಥೆಯ ಮುಂದೆ ನಾನು ಎಷ್ಟು ಸಲ ಹಾದುಹೋಗಿದ್ದೇನೋ ಲೆಕ್ಕವಿಲ್ಲ. ಕೆ.ಇ.ಎಂ. ಆಸ್ಪತ್ರೆಗೆ, ಟಾಟಾ ಆಸ್ಪತ್ರೆಗೆ ಊರ ಕಡೆಯ ರೋಗಿಗಳನ್ನು ಕರೆದೊಯ್ಯುವ ಕೆಲಸ ನಮ್ಮಂಥವರಿಗೆ ತಪ್ಪಿದ್ದಲ್ಲ. ಆಗೆಲ್ಲ ಆ ಗೇಟು ಕಣ್ಣಿಗೆ ಬಿದ್ದಿದೆ. ಒಳಗೆ ಕಾಲಿಟ್ಟದ್ದು ಮಾತ್ರ 2024ರ ಡಿಸೆಂಬರಿನಲ್ಲಿ, ನನ್ನ ಎಪ್ಪತ್ತಾರನೆಯ ವಯಸ್ಸಿನಲ್ಲಿ, ಅದೂ ಮೊಮ್ಮಗಳ ಇತಿಹಾಸದ ತರಗತಿಯ ಜೊತೆ.

ಅವಳು ಆಗ ಒಂಬತ್ತನೆಯ ಇಯತ್ತೆ. ಅವರ ಇತಿಹಾಸದ ಟೀಚರು ಸ್ವಲ್ಪ ಬೇರೆ ತರಹದವರು. ಪಾಠದ ಕೊನೆಯ ಪ್ರಶ್ನೆಗಳಿಗೆ ಉತ್ತರ ಬರೆಸಿ ಸುಮ್ಮನಾಗುವವರಲ್ಲ. “2020ರಲ್ಲಿ ನೀವೆಲ್ಲ ಐದನೆಯ ತರಗತಿಯಲ್ಲಿದ್ದಿರಿ. ಫೋನಿನಲ್ಲಿ ಪಾಠ ಕಲಿತಿರಿ. ನಿಮ್ಮ ಕಾಲದ ಕಥೆ ಮುಂದೆ ಯಾರೋ ಬರೆಯುತ್ತಾರೆ. ಅದಕ್ಕೆ ಮೊದಲು ನೀವು ಇದೇ ಊರಿನ ಹಳೆಯ ಪಿಡುಗಿನ ಕಥೆ ಬರೆಯಿರಿ” ಎಂದು 1896ರ ಪ್ಲೇಗನ್ನು ವಿಷಯವಾಗಿ ಕೊಟ್ಟಿದ್ದರು. ಪ್ರತಿ ಮಗುವಿನ ಕೈಗೂ ಆ ಕಾಲದ ಫೋಟೋಗಳ ನಕಲಿದ್ದ ಒಂದು ಫೈಲು. ಜೊತೆಗೆ ಮೂರು ಪ್ರಶ್ನೆ. ಈ ದಾಖಲೆಯನ್ನು ಯಾರು ಮಾಡಿದರು? ಇದರಲ್ಲಿ ಯಾರ ಹೆಸರಿದೆ, ಯಾರ ಹೆಸರಿಲ್ಲ? ಹೆಸರಿಲ್ಲದವರನ್ನು ಕೇಳಿದ್ದರೆ ಏನು ಹೇಳುತ್ತಿದ್ದರು?

ಮನೆಯ ಹಿರಿಯರಲ್ಲಿ ಯಾರಾದರೂ ಪ್ಲೇಗಿನ ಮಾತು ಕೇಳಿ ಬಲ್ಲವರಿದ್ದರೆ ಕರೆತನ್ನಿ ಎಂದಿದ್ದರಂತೆ. ಮೊಮ್ಮಗಳು ತಟ್ಟನೆ ನನ್ನ ಹೆಸರು ಕೊಟ್ಟು ಬಂದಿದ್ದಳು. “ಅಜ್ಜಾ, ನಿಮ್ಮ ಅಜ್ಜಿ ಸಾಹೇಬರಿಗೆ ಸುಳ್ಳು ಹೇಳಿದ ಕಥೆ ಇದೆಯಲ್ಲ, ಅದನ್ನೇ ಹೇಳಿದರಾಯಿತು” ಎಂದಳು. ಆ ಕಥೆಯನ್ನು ನಾನು ಅವಳಿಗೆ ಚಿಕ್ಕಂದಿನಲ್ಲಿ ನಗುನಗುತ್ತಾ ಹೇಳಿದ್ದುಂಟು. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅದೇಕೆಂದು ಮುಂದೆ ಹೇಳುತ್ತೇನೆ.

ಶನಿವಾರ ಬೆಳಿಗ್ಗೆ ಮಾಟುಂಗಾ ಸ್ಟೇಶನ್ನಿನಲ್ಲಿ ಮೂವತ್ತೆರಡು ಮಕ್ಕಳು, ಇಬ್ಬರು ಟೀಚರು, ನಾವು ಮೂವರು ಹಿರಿಯರು ಸೇರಿದೆವು. ಮಾಟುಂಗಾದಿಂದ ದಾದರ್, ದಾದರಿನಿಂದ ಪರೇಲ್, ಎರಡೇ ಸ್ಟೇಶನ್ನು. ಮಕ್ಕಳನ್ನು ಎಣಿಸಿ ಹತ್ತಿಸಿ, ಎಣಿಸಿ ಇಳಿಸುವಷ್ಟರಲ್ಲಿ ದಾರಿ ಮುಗಿಯಿತು. ನಾನು ಈ ಊರಿಗೆ ಬಂದಾಗ ಪರೇಲ್ ಎಂದರೆ ಗಿರಣಿಯ ಭೋಂಗಾ ಮತ್ತು ಶಿಫ್ಟು ಬಿಟ್ಟಾಗ ರಸ್ತೆ ತುಂಬ ಜನ. ಈಗ ಗಿರಣಿಗಳಿದ್ದ ಜಾಗದಲ್ಲಿ ಗಾಜಿನ ಗೋಪುರಗಳು. ಅಲ್ಲೊಂದು ಇಲ್ಲೊಂದು ಹಳೆಯ ಚಿಮಣಿ ಮಾತ್ರ ಉಳಿದಿದೆ. ಮಕ್ಕಳಿಗೆ ಅದನ್ನು ತೋರಿಸಿ ಹೇಳಿದೆ, ಪ್ಲೇಗಿನ ಕಾಲದ ಕಥೆಯಲ್ಲಿ ಈ ಗಿರಣಿಯ ಆಳುಗಳೂ ಬರುತ್ತಾರೆ ನೋಡಿ, ನೆನಪಿಟ್ಟುಕೊಳ್ಳಿ ಎಂದು.

ಆಚಾರ್ಯ ದೋಂದೆ ಮಾರ್ಗದ ಗದ್ದಲ ದಾಟಿ ಗೇಟಿನೊಳಗೆ ಹೋದರೆ ಬೇರೆಯೇ ಲೋಕ. ದೊಡ್ಡ ದೊಡ್ಡ ಮರಗಳು, ಅವುಗಳ ನಡುವೆ ರಾಜಭವನದಂಥ ಹಳೆಯ ಕಟ್ಟಡ. ರಾಜಭವನದಂಥದು ಏಕೆ, ರಾಜಭವನವೇ ಆಗಿತ್ತು. ಪೋರ್ಚುಗೀಸರ ಕಾಲದಲ್ಲಿ ಇಲ್ಲಿ ಪಾದ್ರಿಗಳ ಮಠ ಮತ್ತು ಪ್ರಾರ್ಥನಾಮಂದಿರ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲಿಷರ ಕೈಸೇರಿ ಮುಂಬಯಿ ಗವರ್ನರರ ನಿವಾಸವಾಯಿತು. ಸುತ್ತ ಗಿರಣಿಗಳೆದ್ದು ಗಾಳಿ ಕೆಟ್ಟಿತು. 1880ರ ದಶಕದಲ್ಲಿ ಗವರ್ನರೊಬ್ಬರ ಹೆಂಡತಿ ಇಲ್ಲಿಯೇ ಕಾಲರಾದಿಂದ ತೀರಿಕೊಂಡರು. ಆ ಮೇಲೆ ಗವರ್ನರರು ಸಮುದ್ರದಂಡೆಯ ಮಲಬಾರ್ ಪಾಯಿಂಟಿಗೆ ಹೊರಟುಹೋದರು. ಖಾಲಿ ಬಿದ್ದ ಬಂಗಲೆ ಪ್ಲೇಗಿನ ಹೊತ್ತಿಗೆ ಆಸ್ಪತ್ರೆಯಾಯಿತು. 1899ರಲ್ಲಿ ಪ್ಲೇಗ್ ಸಂಶೋಧನೆಯ ಪ್ರಯೋಗಶಾಲೆ ಇಲ್ಲಿಗೆ ಬಂತು. ಕಾಯಿಲೆಗೆ ಹೆದರಿ ದೊರೆ ಬಿಟ್ಟುಹೋದ ಮನೆ ಕಾಯಿಲೆಯನ್ನು ಎದುರಿಸುವವರ ಮನೆಯಾಯಿತು. 1925ರಲ್ಲಿ ಅದಕ್ಕೆ ಹಾಫ್‌ಕಿನ್ ಸಾಹೇಬರ ಹೆಸರಿಟ್ಟರು.

ಶಾಲೆಯವರು ಮೊದಲೇ ಪತ್ರ ಬರೆದು ಅನುಮತಿ ಪಡೆದಿದ್ದರು. ವಸ್ತುಸಂಗ್ರಹಾಲಯ ತೋರಿಸಲು ಬಂದವರು ವಯಸ್ಸಾದ ಒಬ್ಬ ಸಜ್ಜನರು. ಮರಾಠಿಯಲ್ಲಿ ನಿಧಾನವಾಗಿ, ಮಕ್ಕಳಿಗೆ ಹಿಡಿಸುವಂತೆ ಮಾತಾಡುತ್ತಿದ್ದರು. ಹಳೆಯ ಚಿತ್ರಗಳು, ಸೂಕ್ಷ್ಮದರ್ಶಕ, ಗಾಜಿನ ಬುಡ್ಡಿಗಳ ನಡುವೆ ನಿಂತು ಅವರು ಹೇಳಿದ್ದನ್ನೂ ಟೀಚರು ಮೊದಲೇ ಪಾಠ ಮಾಡಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ.

1894ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗು ಎದ್ದಿತು. ಅದರ ಜೀವಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿ ಅಲ್ಲಿಯೇ ಕಂಡುಹಿಡಿದರು. ಎರಡು ವರ್ಷದ ನಂತರ ಅದು ಹಡಗಿನ ದಾರಿಯಲ್ಲಿ ನಮ್ಮ ಬಂದರಿಗೆ ಬಂತು. ಬಂದರಿನ ಪಕ್ಕದ ಮಾಂಡವಿಯಲ್ಲಿ ಕಾಳಿನ ಗೋದಾಮುಗಳು, ಕಾಳಿದ್ದಲ್ಲಿ ಇಲಿ. 1896ರ ಸೆಪ್ಟೆಂಬರಿನಲ್ಲಿ ಡಾ. ಅಕಾಸಿಯೊ ವೀಗಸ್ ಎಂಬ ಗೋವಾ ಮೂಲದ ವೈದ್ಯರು ಮಾಂಡವಿಯ ರೋಗಿಯೊಬ್ಬರನ್ನು ನೋಡಿ, ಇದು ಗಡ್ಡೆ ಪ್ಲೇಗು ಎಂದು ಹೇಳುವ ಧೈರ್ಯ ಮಾಡಿದರು. ಧೋಬಿ ತಲಾವಿನ ಮೆಟ್ರೋ ಸಿನೆಮಾದ ಎದುರಿಗೆ ನಿಂತ ಪ್ರತಿಮೆ ಅವರದೇ. ಆ ಪ್ರತಿಮೆಯ ಕೆಳಗೆ ಬಸ್ಸಿಗಾಗಿ ಕಾದವರಲ್ಲಿ ನಾನೂ ಒಬ್ಬ. ಯಾರದೆಂದು ಓದಿ ನೋಡಿರಲಿಲ್ಲ.

ಆಮೇಲೆ ಊರು ಖಾಲಿಯಾಗತೊಡಗಿತು. 1897ರ ಆರಂಭದ ಹೊತ್ತಿಗೆ ಸುಮಾರು ಅರ್ಧದಷ್ಟು ಜನ ಮುಂಬಯಿ ಬಿಟ್ಟಿದ್ದರು. 1891ರ ಜನಗಣತಿಯಲ್ಲಿ 8,21,764 ಇದ್ದ ಜನ 1901ರಲ್ಲಿ 7,76,006ಕ್ಕೆ ಇಳಿದಿದ್ದರು. ಹತ್ತು ವರ್ಷದಲ್ಲಿ ಜನ ಕಡಿಮೆಯಾದ ಮುಂಬಯಿಯನ್ನು ಊಹಿಸಿಕೊಳ್ಳಿ ಎಂದರು ಆ ಸಜ್ಜನರು. ಬೆಳಗಿನ ವಿರಾರ್ ಲೋಕಲ್ ನೋಡಿ ಬೆಳೆದ ಮಕ್ಕಳಿಗೆ ಅದು ಊಹೆಗೇ ಸಿಗಲಿಲ್ಲ.

ಇನ್ನು ಹಾಫ್‌ಕಿನ್. ಹುಟ್ಟಿದ್ದು 1860ರಲ್ಲಿ, ಕಪ್ಪು ಸಮುದ್ರದ ದಂಡೆಯ ಒಡೆಸ್ಸಾದಲ್ಲಿ, ಯಹೂದಿ ಮನೆತನದಲ್ಲಿ. ಪ್ಯಾರಿಸಿನ ಪಾಸ್ತರ್ ಸಂಸ್ಥೆಯಲ್ಲಿ ದುಡಿದು ಕಾಲರಾ ಲಸಿಕೆ ತಯಾರಿಸಿ, 1893ರಲ್ಲಿ ಕಲ್ಕತ್ತೆಗೆ ಬಂದವರು. ಮುಂಬಯಿಯಲ್ಲಿ ಪ್ಲೇಗು ಎಂದೊಡನೆ ಇಲ್ಲಿಗೆ ಬಂದರು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅವರಿಗೆ ಸಿಕ್ಕದ್ದು ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು. ಮಾಂಸದ ಸಾರಿನಲ್ಲಿ ಪ್ಲೇಗಿನ ಜೀವಾಣು ಬೆಳೆಸಬೇಕು. ಅದು ಚೆನ್ನಾಗಿ ಬೆಳೆಯಲು ಅವರು ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟರು! ತುಪ್ಪದ ಹನಿಗೆ ಜೋತುಬಿದ್ದು ಜೀವಾಣುಗಳು ಬಾವಲಿಗಳ ಹಾಗೆ ಕೆಳಗಿಳಿದು ಬೆಳೆದವು. ಹಾಗೆ ಬೆಳೆದದ್ದನ್ನು ಕಾಯಿಸಿ ಕೊಂದು ಚುಚ್ಚುಮದ್ದು ಮಾಡಿದರು. ತುಪ್ಪ ಎಂದ ಕೂಡಲೇ ಅಷ್ಟು ಹೊತ್ತು ಆಕಳಿಸುತ್ತಿದ್ದ ಹುಡುಗನೂ ಪೆನ್ನು ತೆಗೆದ.

1897ರ ಜನವರಿ 10ರಂದು ಹಾಫ್‌ಕಿನ್ ಅದನ್ನು ಮೊದಲು ತಮಗೇ ಚುಚ್ಚಿಸಿಕೊಂಡರು. ಜ್ವರ ಬಂತು, ನೋವಾಯಿತು, ಬದುಕಿದರು. ತಿಂಗಳ ಕೊನೆಗೆ ಭಾಯಖಳಾ ಜೈಲಿನಲ್ಲಿ ಪ್ಲೇಗು ಕಾಣಿಸಿದಾಗ ಅರ್ಧದಷ್ಟು ಕೈದಿಗಳು ತಾವಾಗಿ ಮುಂದೆ ಬಂದು ಚುಚ್ಚಿಸಿಕೊಂಡರು. ಚುಚ್ಚಿಸಿಕೊಳ್ಳದವರಿಗಿಂತ ಅವರಲ್ಲಿ ರೋಗವೂ ಸಾವೂ ಬಹಳ ಕಡಿಮೆಯಾಯಿತು. “ಹಾಫ್‌ಕಿನ್ ಹೆಸರು ಗೋಡೆಯ ಮೇಲಿದೆ. ಆ ಕೈದಿಗಳ ಹೆಸರು?” ಎಂದು ಒಬ್ಬ ಹುಡುಗಿ ಕೇಳಿದಳು. ಟೀಚರ ಮುಖ ಅರಳಿತು. ಅವರ ಎರಡನೆಯ ಪ್ರಶ್ನೆ ಮಕ್ಕಳ ತಲೆಗೆ ಇಳಿದಿತ್ತು.

ಯಶಸ್ಸಿನ ಕಥೆಯಷ್ಟನ್ನೇ ಹೇಳಿ ಅವರು ಮುಗಿಸಲಿಲ್ಲ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯಿಂದ ಚುಚ್ಚಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ದೋಷ ಪ್ರಯೋಗಶಾಲೆಯದೆಂದು ಹಾಫ್‌ಕಿನ್‌ರನ್ನು ಕೆಲಸದಿಂದ ದೂರವಿಟ್ಟರು. ಸೀಸೆ ಕೆಟ್ಟದ್ದು ಹಳ್ಳಿಯಲ್ಲಿ ಅದನ್ನು ತೆರೆದಾಗ ಎಂಬ ವಾದಕ್ಕೆ ಬಲ ಬಂದು, ರೊನಾಲ್ಡ್ ರಾಸ್ ಮುಂತಾದ ವಿಜ್ಞಾನಿಗಳು ಅವರ ಪರವಾಗಿ ಬರೆದು, ಕಳಂಕ ತೊಳೆಯುವ ಹೊತ್ತಿಗೆ 1907 ಆಗಿತ್ತು. ಜೀವ ಉಳಿಸುವ ಮದ್ದಿಗೂ ನಂಬಿಕೆ ಬೇಕು, ನಂಬಿಕೆ ಒಡೆಯಲು ಒಂದು ಸೀಸೆ ಸಾಕು ಎಂದರು ಅವರು.

ಅಷ್ಟು ನೋಡಿದ ಮೇಲೆ ಮಕ್ಕಳನ್ನು ಒಂದು ಕಡೆ ಕೂಡಿಸಿ ಟೀಚರು ಫೈಲು ತೆಗೆಸಿದರು. ಪ್ಲೇಗಿನ ಮುಂಬಯಿಯ ಫೋಟೋಗಳು. ಒಂದರಲ್ಲಿ ದೊಡ್ಡ ಪಂಪಿನಿಂದ ಮನೆಗೆ ನೀರು ಹೊಡೆದು ತೊಳೆಯುತ್ತಿದ್ದಾರೆ. ಇನ್ನೊಂದರಲ್ಲಿ ಆಸ್ಪತ್ರೆಯ ಸಾಲು ಮಂಚಗಳು. ಮತ್ತೊಂದರಲ್ಲಿ ಮನೆ ತಪಾಸಣೆಗೆ ಹೊರಟ ಅಧಿಕಾರಿಗಳು, ಅವರ ಹಿಂದೆ ಆಳುಗಳು. ವಾಸಕ್ಕೆ ಯೋಗ್ಯವಲ್ಲ ಎನಿಸಿದ ಮನೆಗಳ ಮೇಲೆ ಯು.ಎಚ್.ಎಚ್. ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆಯುತ್ತಿದ್ದರು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. 2020ರಲ್ಲಿ ನಮ್ಮನ್ನು ಮನೆಯಲ್ಲಿ ಕೂಡಿಸಿದಾಗ ಸರಕಾರಗಳು ಹೊರತೆಗೆದದ್ದು ಇದೇ ಹಳೆಯ ಕಾಯಿದೆಯನ್ನು. ಆ ಕಾಯಿದೆಯ ಬಲದಿಂದ ಯಾರ ಮನೆಗಾದರೂ ನುಗ್ಗಬಹುದಿತ್ತು, ರೋಗಿಯನ್ನು ಎತ್ತಿಕೊಂಡು ಹೋಗಬಹುದಿತ್ತು, ಮನೆಯವರನ್ನು ಬೇರೆ ಶಿಬಿರದಲ್ಲಿ ಇಡಬಹುದಿತ್ತು. ರೈಲು ನಿಲ್ದಾಣಗಳಲ್ಲಿ ಗಂಡಸರು ಹೆಂಗಸರೆನ್ನದೆ ಕಂಕುಳು ತೊಡೆಸಂದು ಮುಟ್ಟಿ ಗಡ್ಡೆ ಹುಡುಕುತ್ತಿದ್ದರು.

ಇಷ್ಟೆಲ್ಲ ಮಾಡಿದರೂ ಕಾಯಿಲೆ ಇಲಿಯ ಚಿಗಟದಿಂದ ಬರುತ್ತದೆ ಎಂಬುದು ಆಗ ಗೊತ್ತಿರಲಿಲ್ಲ. ಸಿಮೋಂ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಅದನ್ನು ತೋರಿಸಿದ್ದು 1898ರಲ್ಲಿ. ಅದನ್ನು ಎಲ್ಲರೂ ಒಪ್ಪಲು ಇನ್ನೂ ಹಲವು ವರ್ಷ ಬೇಕಾದವು. ಆಸ್ಪತ್ರೆಗೆ ಹೋದವರಲ್ಲಿ ಬಹಳಷ್ಟು ಜನ ತಿರುಗಿ ಬರುತ್ತಿರಲಿಲ್ಲ. ಜಾತಿ ಕೆಡುತ್ತದೆ, ಒಳಗೆ ಕೊಲ್ಲುತ್ತಾರೆ ಎಂಬ ವದಂತಿ ಬೇರೆ. 1896ರ ಅಕ್ಟೋಬರಿನಲ್ಲಿ ಗಿರಣಿಯ ಆಳುಗಳು ಸುಮಾರು ಸಾವಿರ ಜನ ಸೇರಿ ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ನುಗ್ಗಿದರು. ಇಂದಿನ ಕಸ್ತೂರ್ಬಾ ಆಸ್ಪತ್ರೆ ಅದೇ. ಜನ ರೋಗಿಗಳನ್ನು ಅಟ್ಟದ ಮೇಲೆ, ಪೆಟ್ಟಿಗೆಗಳ ಹಿಂದೆ, ಬಟ್ಟೆಯ ರಾಶಿಯ ಕೆಳಗೆ ಅಡಗಿಸಿಟ್ಟರು.

“ಎಷ್ಟು ದಡ್ಡ ಜನ! ರೋಗಿಯನ್ನು ಅಡಗಿಸಿದರೆ ಮನೆಯವರಿಗೆಲ್ಲ ಬರುವುದಿಲ್ಲವೇ? ಓದು ಬರಹ ಇರಲಿಲ್ಲ, ಅದಕ್ಕೇ” ಎಂದ ಒಬ್ಬ ಹುಡುಗ. ಚುರುಕಾದ ಹುಡುಗ, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹಲವರು ತಲೆಯಾಡಿಸಿದರು. ಟೀಚರು ಉತ್ತರ ಕೊಡಲಿಲ್ಲ. ನನ್ನ ಕಡೆ ತಿರುಗಿ, “ಆಜೋಬಾ, ನಿಮ್ಮ ಅಜ್ಜಿಯ ಕಥೆ ಹೇಳುತ್ತೀರಾ?” ಎಂದರು.

ಎದ್ದು ನಿಂತೆ. ಮೊದಲು ನಮ್ಮ ಊರು ಎಲ್ಲಿದೆ ಎಂದು ಹೇಳಬೇಕಾಯಿತು. ಹುಬ್ಬಳ್ಳಿಯ ಹತ್ತಿರದ ಹಳ್ಳಿ. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲೇ ಇತ್ತು, ಹಾಗಾಗಿ ಇಲ್ಲಿಯ ಕಾಯಿದೆ ಅಲ್ಲಿಗೂ ನಡೆಯುತ್ತಿತ್ತು. ಮುಂಬಯಿ ಬಿಟ್ಟು ಓಡಿದವರ ಜೊತೆ, ರೈಲಿನ ಸಾಮಾನಿನ ಜೊತೆ ಪ್ಲೇಗು ಹುಬ್ಬಳ್ಳಿಗೆ ಬಂತು. 1898ರಲ್ಲಿ ಅಲ್ಲಿ ಅದು ಉಗ್ರವಾಯಿತು. ಹಾಫ್‌ಕಿನ್ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟ ಊರುಗಳಲ್ಲಿ ಹುಬ್ಬಳ್ಳಿಯೂ ಒಂದು. ಹತ್ತಾರು ಸಾವಿರ ಜನ ಚುಚ್ಚಿಸಿಕೊಂಡರು. ಅದೇ ವರ್ಷದ ಆಗಸ್ಟಿನಲ್ಲಿ ಹುಬ್ಬಳ್ಳಿಯ ಕಡೆಯಿಂದಲೇ ರೈಲುದಾರಿಯಲ್ಲಿ ಅದು ಬೆಂಗಳೂರಿಗೆ ಹೋಯಿತು. ಬೆಂಗಳೂರಿನಲ್ಲಿ ಇಂದಿಗೂ ಪ್ಲೇಗಮ್ಮನ ಗುಡಿಗಳಿವೆ. ನಮ್ಮ ಕಡೆ ಹಳೆಯ ಜನ ‘ಇಲಿ ಬಿತ್ತು’ ಎಂದರೆ ಸಾಕು, ಅರ್ಥವಾಗುತ್ತಿತ್ತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಓದು ಬಾರದ ಜನರಿಗೂ ಇಲಿಗೂ ಕಾಯಿಲೆಗೂ ನಂಟಿದೆ ಎಂದು ಕಣ್ಣಿನಿಂದಲೇ ತಿಳಿದಿತ್ತು ಎಂದೆ. ಆ ಹುಡುಗ ಅದನ್ನು ಬರೆದುಕೊಂಡ.

ಆಗ ನನ್ನ ಅಜ್ಜಿಗೆ ಹತ್ತು ವರ್ಷ. ಅವಳ ತಮ್ಮನಿಗೆ ಆರು. ಊರು ಬಿಡುವ ಮೊದಲೇ ಅವನಿಗೆ ಜ್ವರ ಬಂದು ತೊಡೆಸಂದಿನಲ್ಲಿ ಗಡ್ಡೆ ಎದ್ದಿತು. ತಪಾಸಣೆಯವರು ಬರುತ್ತಾರೆಂದು ಸುದ್ದಿ ಬಂದಾಗ ಅವ್ವ ಅವನನ್ನು ಕೊಟ್ಟಿಗೆಯಲ್ಲಿ ಕಣಕಿ ಸಿವುಡುಗಳ ಹಿಂದೆ ಮಲಗಿಸಿ, ಮಗಳನ್ನು ಬಾಗಿಲಲ್ಲಿ ಕೂಡಿಸಿದಳು. ಅಜ್ಜಿ ಹೇಳುತ್ತಿದ್ದ ಮಾತು ನನಗೆ ಹಾಗೆಯೇ ನೆನಪಿದೆ. “ಯಾರಿಗರೆ ಜ್ವರಾ ಬಂದದೇನವ್ವಾ ಅಂತ ಕೇಳಿದ್ರು. ಇಲ್ರೀ ಸಾಹೇಬ್ರ ಅಂದೆ. ಅವರು ಹೋಗಿಬಿಟ್ರು.” ಮೊಮ್ಮಗಳಿಗೆ ನಾನು ಕಥೆಯನ್ನು ಇಲ್ಲಿಗೇ ನಿಲ್ಲಿಸಿ ನಗಿಸುತ್ತಿದ್ದೆ. ಅಂದು ಉಳಿದದ್ದನ್ನೂ ಹೇಳಿದೆ. ಆ ರಾತ್ರಿಯೇ ಹುಡುಗ ತೀರಿಕೊಂಡ. ಯಾರಿಗೂ ತಿಳಿಯದಂತೆ ಹೊಲದಲ್ಲಿ ಮಣ್ಣು ಮಾಡಿದರು. ವಾರದಲ್ಲಿ ಅವ್ವನೂ ಹೋದಳು. ಅಜ್ಜಿ ಎಪ್ಪತ್ತು ದಾಟಿದ ಮೇಲೂ ಯಾರಾದರೂ ಬಾಗಿಲಲ್ಲಿ ನಿಂತು ಕರೆದರೆ ಮೊದಲು ಬೆಚ್ಚುತ್ತಿದ್ದಳು, ಆಮೇಲೆ ಎದ್ದು ಹೋಗುತ್ತಿದ್ದಳು.

ಮಕ್ಕಳು ಸುಮ್ಮನಾದರು. ನಾನು ಅಲ್ಲಿಗೆ ಕೂತುಬಿಡಬಹುದಿತ್ತು. ಆದರೆ ಆ ಹುಡುಗ ಹೇಳಿದ ಮಾತು ಮನಸ್ಸಿನಲ್ಲಿ ನಿಂತಿತ್ತು, ಓದು ಬರಹ ಇರಲಿಲ್ಲ ಅದಕ್ಕೇ, ಎಂದು. “ಮಗೂ, ನಾನು ಬಿ.ಕಾಂ. ಓದಿದವನು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನು. ನಾನೂ ಅದನ್ನೇ ಮಾಡಿದ್ದೇನೆ” ಎಂದೆ.

2020ರ ಜೂನ್ ತಿಂಗಳು. ಮಗನ ಸಂಸಾರ ಠಾಣೆಯಲ್ಲಿತ್ತು. ಇಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ. ಒಂದು ಸೋಮವಾರ ಅವಳಿಗೆ ಜ್ವರ ಬಂತು. ಅದರ ಹಿಂದಿನ ವಾರವಷ್ಟೇ ನಮ್ಮ ಕಟ್ಟಡದ ಒಬ್ಬರನ್ನು ಆಂಬುಲೆನ್ಸ್ ಕರೆದೊಯ್ದಾಗ ಎಲ್ಲರೂ ಕಿಟಕಿಯಲ್ಲಿ ನಿಂತು ನೋಡಿದ್ದೆವು. ಹೋದವರ ಮುಖ ಮತ್ತೆ ನೋಡಲಾಗದು ಎಂಬ ಮಾತು ಗಾಳಿಯಲ್ಲಿತ್ತು. “ನನ್ನ ಕಳಸಬ್ಯಾಡ್ರಿ” ಎಂದಳು ಅವಳು. ಬುಧವಾರ ಇಬ್ಬರು ಆರೋಗ್ಯ ಸೇವಕಿಯರು ಪಟ್ಟಿ ಹಿಡಿದುಕೊಂಡು ಬಾಗಿಲಿಗೆ ಬಂದರು. ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು ಇದೆಯೇ ಎಂದು ಕೇಳಿದರು. ನಾನು ಇಲ್ಲ ಎಂದೆ. ಹಣೆಗೆ ಯಂತ್ರ ಹಿಡಿದು ನನ್ನ ತಾಪ ನೋಡಿದರು. ಸರಿಯಿತ್ತು. ಹೆಂಡತಿ ಸ್ನಾನಕ್ಕೆ ಹೋಗಿದ್ದಾಳೆ ಎಂದೆ. ಅವರು ಬರೆದುಕೊಂಡು ಪಕ್ಕದ ಮನೆಗೆ ಹೋದರು. ಶುಕ್ರವಾರ ಅವಳಿಗೆ ಉಸಿರು ಸಾಲದಾಯಿತು. ಆಮೇಲೆ ನಾನೇ ಫೋನು ಮಾಡಿದೆ. ಎಂಟು ದಿನ ಆಸ್ಪತ್ರೆಯಲ್ಲಿದ್ದಳು. ಒಂಬತ್ತನೆಯ ದಿನ ಬೆಳಗಿನ ಜಾವ ಅಲ್ಲಿಂದ ಫೋನು ಬಂತು.

ಸೋಮವಾರವೇ ಹೋಗಿದ್ದರೆ ಉಳಿಯುತ್ತಿದ್ದಳೇ? ಯಾವ ಡಾಕ್ಟರೂ ಹೇಳಲಾರರು. ಆದರೆ ಆ ಪ್ರಶ್ನೆ ಜೊತೆಗೇ ಇರುತ್ತದೆ. ಇನ್ನೊಂದು ಯೋಚನೆ ನನಗೆ ತಡವಾಗಿ ಬಂತು. ಆ ಇಬ್ಬರು ಹೆಣ್ಣುಮಕ್ಕಳು ನನ್ನ ಮಾತು ನಂಬಿ ನನ್ನ ಬಾಗಿಲಲ್ಲಿ ನಿಂತಿದ್ದರು. ಅವರಿಗೂ ಮನೆಯಿತ್ತು, ಮಕ್ಕಳಿದ್ದಿರಬಹುದು. ಈ ವಿಷಯ ನಾನು ಮಗನಿಗೂ ಹೇಳಿರಲಿಲ್ಲ. ಗುರುತಿಲ್ಲದ ಮೂವತ್ತೊಂದು ಮಕ್ಕಳ ಮುಂದೆ, ಗುರುತಿದ್ದ ಒಬ್ಬ ಮೊಮ್ಮಗಳ ಮುಂದೆ ಹೇಳಿದೆ. ಅವಳ ಕಡೆ ನೋಡುವ ಧೈರ್ಯ ಆಗಲಿಲ್ಲ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಟೀಚರು ಮೆಲ್ಲನೆ ಕೇಳಿದರು, “ಹಾಗಾದರೆ ಆ ಕಾಲದಲ್ಲಿ ಜನ ಅಡಗಿಸುವುದನ್ನು ನಿಲ್ಲಿಸಿದ್ದು ಯಾವಾಗ?” ಅದಕ್ಕೂ ದಾಖಲೆಯಿದೆ. ಬಲಾತ್ಕಾರದಿಂದ ಸಿಟ್ಟು ಬೆಳೆಯಿತು. 1897ರ ಜೂನಿನಲ್ಲಿ ಪುಣೆಯ ಪ್ಲೇಗ್ ಅಧಿಕಾರಿ ರ‍್ಯಾಂಡ್ ಕೊಲೆಯಾಯಿತು. 1898ರ ಮಾರ್ಚಿನಲ್ಲಿ ಮುಂಬಯಿಯ ಮದನಪುರದಲ್ಲಿ ರೋಗಿ ಹುಡುಗಿಯೊಬ್ಬಳನ್ನು ಕರೆದೊಯ್ಯಲು ಬಂದಾಗ ಗಲಭೆಯೆದ್ದಿತು. ಸರಕಾರ ಹೆಜ್ಜೆ ಹಿಂದಿಟ್ಟು ಮನೆಗೆ ನುಗ್ಗುವುದನ್ನು ಸಡಿಲಿಸಿತು. ಒಂದೊಂದು ಸಮಾಜದವರೂ ತಮ್ಮ ತಮ್ಮ ಪ್ಲೇಗ್ ಆಸ್ಪತ್ರೆ ತೆರೆಯಲು ಅವಕಾಶವಾಯಿತು. ತಮ್ಮ ಭಾಷೆಯ ವೈದ್ಯರು, ತಮ್ಮ ಊಟ, ಹತ್ತಿರದಲ್ಲಿ ತಮ್ಮವರು. ಅಲ್ಲಿಗೆ ಜನ ತಾವಾಗಿಯೇ ಬಂದರು. ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ಮತ್ತು ಅವರ ವೈದ್ಯ ಮಗ ಯಶವಂತ ದವಾಖಾನೆ ತೆರೆದರು. ರೋಗಿಗಳನ್ನು ಆರೈಕೆ ಮಾಡುತ್ತಲೇ ಪ್ಲೇಗು ತಗುಲಿ ಸಾವಿತ್ರಿಬಾಯಿ 1897ರ ಮಾರ್ಚ್ 10ರಂದು ತೀರಿಕೊಂಡರು. ಅವರ ಹೆಸರು ಈ ಮಕ್ಕಳಿಗೆಲ್ಲ ಗೊತ್ತು. ಅವರು ತೀರಿದ್ದು ಹೀಗೆ ಎಂದು ಅರ್ಧ ಜನಕ್ಕೆ ಗೊತ್ತಿರಲಿಲ್ಲ.

ಹೊರಗೆ ಬಂದು ಮರದ ಕೆಳಗೆ ಡಬ್ಬಿ ಬಿಚ್ಚಿದೆವು. ಮಕ್ಕಳಲ್ಲವೇ, ಐದು ನಿಮಿಷದಲ್ಲಿ ಗದ್ದಲ ಶುರುವಾಯಿತು. ದಡ್ಡ ಜನ ಎಂದಿದ್ದ ಹುಡುಗ ಮಾತ್ರ ತನ್ನ ಡಬ್ಬಿ ಹಿಡಿದುಕೊಂಡು ಬಂದು ನನ್ನ ಪಕ್ಕದಲ್ಲಿ ಕೂತ. ಕ್ಷಮೆ ಗಿಮೆ ಏನೂ ಕೇಳಲಿಲ್ಲ. ಥೇಪ್ಲಾ ತಗೊಳ್ಳಿ ಎಂದ. ಎರಡು ತೆಗೆದುಕೊಂಡೆ.

ವಾಪಸು ಮಾಟುಂಗಾದಲ್ಲಿ ಇಳಿದು ಮೊಮ್ಮಗಳೂ ನಾನೂ ನಡೆದುಕೊಂಡು ಮನೆಗೆ ಹೊರಟೆವು. ಅವಳು ಮಾತಾಡಲಿಲ್ಲ, ನನ್ನ ಕೈಚೀಲ ಮಾತ್ರ ಇಸಿದುಕೊಂಡಳು. ನಡೆಯುತ್ತಾ ನಾನೇ ಹೇಳಿದೆ, ನಾವು ಕಾಲಿಟ್ಟ ಈ ನೆಲವೂ ಪ್ಲೇಗಿನ ಮಗುವೇ ಎಂದು. ಓದುಗರಿಗೂ ಇದನ್ನು ಹೇಳಬೇಕು. ಕಿಷ್ಕಿಂಧೆಯಂಥ ಗಲ್ಲಿಗಳಲ್ಲಿ ಜನ ಸಾಯುವುದನ್ನು ಕಂಡು 1898ರಲ್ಲಿ ಮುಂಬಯಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಗಾಳಿ ಬೆಳಕು ಬರಲಿ ಎಂದು ಊರೊಳಗೆ ಅಗಲ ರಸ್ತೆಗಳನ್ನು ಹಾಕಿಸಿತು. ಊರ ಹೊರಗೆ ದಾದರ್, ಮಾಟುಂಗಾ, ಶೀವ್ ಬಡಾವಣೆಗಳ ಯೋಜನೆ ಮಾಡಿತು. ಆ ಬಡಾವಣೆಯಲ್ಲಿ ದಕ್ಷಿಣದಿಂದ ಬಂದ ನಮ್ಮವರು ನೆಲೆಯೂರಿದರು. ಇಲ್ಲಿಯೇ 1926ರಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿತು. ಅತ್ತ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡದ್ದೂ 1898ರ ಪ್ಲೇಗಿನ ನಂತರವೇ. ಮಲ್ಲೇಶ್ವರದಿಂದ ಮಾಟುಂಗಾಕ್ಕೆ ಮದುವೆಯಾಗಿ ಬಂದ ಹೆಣ್ಣುಮಕ್ಕಳು ನಮ್ಮ ಸಂಘದಲ್ಲಿ ಎಷ್ಟಿಲ್ಲ! ಒಂದೇ ಕಾಯಿಲೆ ಕಟ್ಟಿಸಿದ ಎರಡು ಮನೆಗಳ ನಡುವೆ ಅವರ ಓಡಾಟ.

ಹತ್ತು ದಿನದ ಮೇಲೆ ಮೊಮ್ಮಗಳ ಬರಹ ಮುಗಿಯಿತು. ಓದಿ ನೋಡು ಅಜ್ಜಾ ಎಂದು ಕೊಟ್ಟಳು. ಆಕರಗಳ ಪಟ್ಟಿಯಲ್ಲಿ ಜನಗಣತಿ, ಫೋಟೋಗಳು, ವಸ್ತುಸಂಗ್ರಹಾಲಯ ಎಲ್ಲದರ ಕೆಳಗೆ ಇನ್ನೆರಡು ಸಾಲು ಇದ್ದವು. ‘ಅಜ್ಜನ ಅಜ್ಜಿ, ಆಗ ವಯಸ್ಸು 10, ಬಾಗಿಲಲ್ಲಿ ಕೂತವರು. ಅಜ್ಜ, ಆಗ ವಯಸ್ಸು 72, ಬಾಗಿಲಲ್ಲಿ ನಿಂತವರು.’ ಬೈಗುಳವೂ ಇಲ್ಲ, ಸಮಾಧಾನವೂ ಇಲ್ಲ. ಇದ್ದದ್ದು ಇದ್ದ ಹಾಗೆ.

ಓದಿ ಕೊಟ್ಟ ಮೇಲೆ ಅವಳು ಕೇಳಿದಳು, “ಅಜ್ಜಾ, ಅವತ್ತು ಆ ಇಬ್ಬರು ಏನು ಹೇಳಿದ್ದರೆ ನೀನು ನಿಜ ಹೇಳುತ್ತಿದ್ದೆ?”

ನಾಲ್ಕು ವರ್ಷ ನಾನು ನನ್ನನ್ನು ಕೇಳಿಕೊಂಡದ್ದು, ಏಕೆ ಸುಳ್ಳು ಹೇಳಿದೆ ಎಂಬ ಪ್ರಶ್ನೆ. ಇದನ್ನು ಕೇಳಿಕೊಂಡಿರಲಿಲ್ಲ. ತುಸು ಯೋಚಿಸಿ ಹೇಳಿದೆ, “ನೀವೂ ಜೊತೆಗೆ ಬರಬಹುದು, ದಿನಕ್ಕೊಮ್ಮೆ ಅವರ ಮುಖ ನೋಡಬಹುದು, ಅಂದಿದ್ದರೆ ಹೇಳುತ್ತಿದ್ದೆ.” ಅವಳು ಅದನ್ನು ಬರಹದ ಕೊನೆಗೆ ಪೆನ್ಸಿಲಿನಲ್ಲಿ ಸೇರಿಸಿದಳು.

ಓದುಗರು ಅನುಕೂಲ ಮಾಡಿಕೊಂಡು, ಮೊದಲೇ ವಿಚಾರಿಸಿ ಅನುಮತಿ ಪಡೆದು, ಪರೇಲಿನ ಆ ಬಂಗಲೆಗೆ ಒಮ್ಮೆ ಹೋಗಿ ಬನ್ನಿ. ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ. ನಿಮ್ಮ ಅಜ್ಜಿ ಹೇಳಿದ ಇಲಿ ಬಿದ್ದ ಕಥೆ ನೆನಪಿದ್ದರೆ ದಾರಿಯಲ್ಲಿ ಹೇಳಿ. ನಡುವೆ ನಿಲ್ಲಿಸದೆ, ಪೂರ್ತಿ ಹೇಳಿ.